ಮೂವತ್ತೈದು ಸಾವಿರ ಸೈಕಲ್‌ಗಳ ನಡುವೆ

2017ರ ಮಾರ್ಚ್ 12, ಭಾನುವಾರ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಅಂದು ಬೆಳಿಗ್ಗೆ ಸೈಕಲ್ ತುಳಿಯುವುದಿರಲಿ, ಸೈಕಲ್ ಹಿಡಿದುಕೊಂಡು ನಿಲ್ಲುವುದೇ ಸಾಹಸವಾಗಿತ್ತು. ಗಂಟೆಗೆ ನೂರು ಕಿಲೋಮೀಟರಿಗೂ ಮೀರಿ ಬೀಸುತ್ತಿದ್ದ ಗಾಳಿ ಸವಾರರ ಕೈಯಲ್ಲಿದ್ದ ಕಾರ್ಬನ್ ಸೈಕಲ್‌ಗಳನ್ನು ನೆಲದಿಂದ ಎತ್ತುತ್ತಿತ್ತು. ಆ ದಿನದ ವಿಡಿಯೊಗಳಲ್ಲಿ, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ಬಗ್ಗಿ ನಿಂತವರು ಸೈಕಲ್ ಸಮೇತ ಹಿಂದಕ್ಕೆ ಜಾರುವುದು ಕಾಣುತ್ತದೆ. ಮೊದಲ ತಂಡಗಳು ಹೊರಟ ಸ್ವಲ್ಪ ಹೊತ್ತಿಗೇ ಸಂಘಟಕರು ಸವಾರಿ ರದ್ದು ಮಾಡಿದರು. ತಿಂಗಳುಗಟ್ಟಲೆ ತಯಾರಿ ನಡೆಸಿ, ವಿಮಾನದಲ್ಲಿ ಸೈಕಲ್ ಹೊತ್ತು ತಂದವರು ಅದನ್ನು ತಳ್ಳಿಕೊಂಡು ಹೋಟೆಲಿಗೆ ಮರಳಬೇಕಾಯಿತು. ಹಿಂದಿನ ದಿನವಷ್ಟೇ ಹೌಟ್ ಬೇ ಬಳಿಯ ಇಮಿಜಾಮೊ ಯೆತು ಎಂಬ ಬಡವರ ಬಡಾವಣೆಗೆ ಬೆಂಕಿ ಬಿದ್ದಿತ್ತು. ಸವಾರರಿಗೆಂದು ತರಿಸಿದ್ದ ತಿಂಡಿ, ನೀರು ಅಲ್ಲಿ ಮನೆ ಕಳೆದುಕೊಂಡವರಿಗೆ ಹೋಯಿತು.

ಕೇಪ್‌ಟೌನ್ ಸೈಕಲ್ ಟೂರ್‌ಗೆ ಇಂಥದ್ದು ಹೊಸತಲ್ಲ. 2002ರಲ್ಲಿ ಬಿಸಿಲಿನ ಝಳ ತಾಳಲಾರದೆ ನಡುವೆಯೇ ನಿಲ್ಲಿಸಿದ್ದರು. 2015ರಲ್ಲಿ ಕಾಳ್ಗಿಚ್ಚಿನಿಂದಾಗಿ 109 ಕಿಲೋಮೀಟರಿನ ದಾರಿಯನ್ನು 47ಕ್ಕೆ ಮೊಟಕು ಮಾಡಿದರು. ಆದರೂ ವರ್ಷ ವರ್ಷ ಹತ್ತಾರು ಸಾವಿರ ಜನ ಸೇರುತ್ತಾರೆ, ಕೆಲವು ವರ್ಷ ಸುಮಾರು 35,000. ಸಮಯ ಅಳೆದು ನಡೆಸುವ ಸೈಕಲ್ ಸವಾರಿಗಳಲ್ಲಿ ಇಷ್ಟು ದೊಡ್ಡದು ಜಗತ್ತಿನಲ್ಲಿ ಇನ್ನೊಂದಿಲ್ಲ ಎಂಬುದು ಆ ಊರಿನವರ ಹೆಮ್ಮೆ. ಅದು ಹುಟ್ಟಿದ್ದು ಮಾತ್ರ ಒಂದು ಪ್ರತಿಭಟನೆಯಿಂದ. ನಗರದಲ್ಲಿ ಸೈಕಲ್‌ಗೆಂದೇ ದಾರಿ ಬೇಕೆಂದು ಬಿಲ್ ಮಿಲ್ರಿಯಾ, ಜಾನ್ ಸ್ಟೆಗ್‌ಮನ್ ಎಂಬಿಬ್ಬರು ಜನ ಸೇರಿಸಿ ಬೀದಿಗಿಳಿದರು. ಅದರ ಬೆನ್ನಲ್ಲೇ 1978ರಲ್ಲಿ ಮೊದಲ ಸವಾರಿ ನಡೆಯಿತು. ಅಂದು ಬಂದವರು ಕೆಲವೇ ನೂರು ಮಂದಿ.

ಬೆಂಗಳೂರಿನ ಸೈಕಲ್ ಗೆಳೆಯರ ಬಾಯಲ್ಲಿ ಈ ಸವಾರಿಯ ಹೆಸರು ಆಗಾಗ ಬರುತ್ತದೆ. ಅಲ್ಲಿಗೇ ಹೋಗಬೇಕೆಂದಿಲ್ಲ. 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್‌ನಿಂದ ಹಿಡಿದು ಭಾನುವಾರ ಬೆಳಗಿನ ಊರೊಳಗಿನ ಸವಾರಿಯವರೆಗೆ, ಗುಂಪಿನಲ್ಲಿ ಸೈಕಲ್ ತುಳಿಯುವ ಅವಕಾಶ ಈಗ ನಮ್ಮಲ್ಲೂ ಸಾಕಷ್ಟಿದೆ. ಇವಕ್ಕೆ ತಯಾರಾಗುವವರನ್ನು ‘ಏನು ಮಾಡ್ತಿದ್ದೀರಿ?’ ಎಂದು ಕೇಳಿ ನೋಡಿ. ‘ವಾರಕ್ಕೆ ಇನ್ನೂರು ಕಿಲೋಮೀಟರ್ ಹೊಡೀತಿದ್ದೀನಿ’, ‘ಈ ತಿಂಗಳು ನಾಲ್ಕು ಸಲ ನಂದಿಬೆಟ್ಟ ಹತ್ತಿದೆ’ ಎನ್ನುತ್ತಾರೆ. ಕಾಲಿಗೆ ಕಸುವು ಬೇಕು, ನಿಜ. ಆದರೆ ಕಾಲು ಸೋತರೆ ಬೀಳುವುದಿಲ್ಲ. ಸವಾರಿ ನಿಧಾನವಾಗುತ್ತದೆ, ಅಷ್ಟೆ. ಜನ ಬೀಳುವುದು ಪಕ್ಕದವನ ಚಕ್ರಕ್ಕೆ. ಒಬ್ಬನೇ ನಂದಿ ಹತ್ತಿ ಗಟ್ಟಿಯಾದ ಸವಾರನೊಬ್ಬ ಮುಂದೊಂದು ಸೈಕಲ್, ಹಿಂದೊಂದು ಸೈಕಲ್, ಎರಡೂ ಬದಿಗೆ ಮೊಣಕೈ ತಾಗುವಷ್ಟು ಹತ್ತಿರ ಇನ್ನೆರಡು ಸೈಕಲ್ ಇರುವ ಜಾಗಕ್ಕೆ ಮೊದಲ ಬಾರಿ ಬಂದಾಗ ಏನಾಗುತ್ತದೆ? ಬೆದರುತ್ತಾನೆ. ಬೆದರಿದವನು ಬ್ರೇಕ್ ಹಿಡಿಯುತ್ತಾನೆ. ಅವನ ಹಿಂದಿನವನು ಬೀಳುತ್ತಾನೆ.

ಹೀಗಾಗಿ ಸುರಕ್ಷತೆಯ ಮೊದಲ ಪಾಠ ಹೆಲ್ಮೆಟ್ ಅಲ್ಲ, ಬ್ರೇಕೂ ಅಲ್ಲ. ನೀವು ಮುಂದಿನ ಕ್ಷಣದಲ್ಲಿ ಏನು ಮಾಡುತ್ತೀರಿ ಎಂಬುದು ನಿಮ್ಮ ಹಿಂದಿರುವ ಅಪರಿಚಿತನಿಗೆ ಮೊದಲೇ ಗೊತ್ತಿರಬೇಕು. ತೇರಿನ ಹಗ್ಗ ಹಿಡಿದವರ ಹಾಗೆ, ಅಕ್ಕಪಕ್ಕದವರ ಹೆಜ್ಜೆಗೆ ಹೆಜ್ಜೆ ಸೇರಿಸಿಯೇ ಸಾಗಬೇಕು. ಇದನ್ನು ಓದಿ ಕಲಿಯುವುದಾಗಲೀ, ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂದು ಅವತ್ತೇ ಕಲಿಯುವುದಾಗಲೀ ಆಗದ ಮಾತು.

ಚಕ್ರಕ್ಕೆ ಚಕ್ರ ತಾಗುವುದನ್ನೇ ನೋಡಿ. ಮುಂದೆ ಹೋಗುವವನ ನೆರಳಿನಲ್ಲಿ ಗಾಳಿಯ ತಡೆ ಕಡಿಮೆ. ಸರಿಯಾಗಿ ಹಿಂಬಾಲಿಸಿದರೆ ನಾಲ್ಕನೇ ಒಂದು ಪಾಲು ಶ್ರಮ ಉಳಿಯುತ್ತದೆ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು. ಆ ಆಸೆಗೆ ಎಲ್ಲರೂ ಮುಂದಿನವನ ಹಿಂಬದಿಗೆ ಅಂಟಿಕೊಳ್ಳುತ್ತಾರೆ. ಅಂಟಿಕೊಳ್ಳಲಿ. ತಪ್ಪಾಗುವುದು ನಿಮ್ಮ ಮುಂದಿನ ಚಕ್ರ ಅವನ ಹಿಂದಿನ ಚಕ್ರದ ಪಕ್ಕಕ್ಕೆ ನುಗ್ಗಿದಾಗ. ಅವನು ಒಂದು ಗುಂಡಿ ತಪ್ಪಿಸಲೆಂದು ಗೇಣುದ್ದ ಸರಿದರೂ ಎರಡು ಟಯರ್ ಉಜ್ಜುತ್ತವೆ. ಅವನಿಗೆ ಏನೂ ಆಗುವುದಿಲ್ಲ. ಹಿಂದಿನ ಚಕ್ರಕ್ಕೆ ಪೆಟ್ಟು ಬಿದ್ದರೂ ಅವನ ಹ್ಯಾಂಡಲ್ ಅವನ ಕೈಯಲ್ಲೇ ಇರುತ್ತದೆ. ನಿಮ್ಮದು ಮುಂದಿನ ಚಕ್ರ. ಸೈಕಲ್ ಬೀಳದೆ ನಿಲ್ಲುವುದೇ ಮುಂದಿನ ಚಕ್ರ ಅತ್ತಿತ್ತ ತಿರುಗಿ ಮೈಯ ಭಾರದ ಕೆಳಗೆ ಬಂದು ನಿಲ್ಲುವುದರಿಂದ. ಆ ತಿರುಗಾಟಕ್ಕೆ ತಡೆ ಬಿತ್ತೋ, ನೀವು ನೆಲಕ್ಕೆ. ಆದ್ದರಿಂದ ಗುಂಪಿನಲ್ಲಿ ಬಿದ್ದವನನ್ನು ‘ಯಾರು ಗುದ್ದಿದರು?’ ಎಂದು ಕೇಳಿದರೆ ಅವನು ಮುಂದಿನವನತ್ತ ಕೈ ತೋರಿಸುತ್ತಾನೆ. ತಪ್ಪು ಹೆಚ್ಚಿನ ಸಲ ಬಿದ್ದವನದೇ.

ಇದಕ್ಕೆ ಒಳ್ಳೆಯ ಅಭ್ಯಾಸವೊಂದಿದೆ. ಮೆತ್ತನೆ ಹುಲ್ಲಿರುವ ಮೈದಾನಕ್ಕೆ ಗೆಳೆಯರೊಬ್ಬರನ್ನು ಕರೆದುಕೊಂಡು ಹೋಗಿ. ನಡಿಗೆಯ ವೇಗದಲ್ಲಿ ಅವರು ಮುಂದೆ ಸಾಗಲಿ, ನೀವು ಬೇಕೆಂದೇ ನಿಮ್ಮ ಮುಂದಿನ ಚಕ್ರವನ್ನು ಅವರ ಹಿಂದಿನ ಚಕ್ರದ ಬದಿಗೆ ಮೆಲ್ಲಗೆ ತಾಗಿಸಿ. ಮೊದಲು ಎಲ್ಲರೂ ಗಾಬರಿಯಿಂದ ಹ್ಯಾಂಡಲನ್ನು ಆಚೆಗೆ ಎಳೆಯುತ್ತಾರೆ, ಹುಲ್ಲಿನ ಮೇಲೆ ಉರುಳುತ್ತಾರೆ. ಎಳೆಯದೆ ಆ ಚಕ್ರಕ್ಕೇ ಕೊಂಚ ಒರಗಿ, ತೋಳು ಸಡಿಲ ಬಿಟ್ಟು, ನಿಧಾನವಾಗಿ ಬಿಡಿಸಿಕೊಳ್ಳುವುದನ್ನು ಕಲಿಯಬೇಕು. ಮೊಣಕೈಗೆ ಮೊಣಕೈ, ಭುಜಕ್ಕೆ ಭುಜ ತಾಗಿಸಿಕೊಂಡು ಸಾಗುವ ಆಟವೂ ಇಲ್ಲೇ ಆಗಲಿ. ಎರಡು ಭಾನುವಾರ ಇದನ್ನು ಮಾಡಿದವರ ಮೈಯ ಬಿಗಿತ ಇಳಿದಿರುತ್ತದೆ. ಮೈ ಬಿಗಿಯಾಗಿದ್ದರೆ ರಸ್ತೆಯ ಒಂದೊಂದು ಕುಲುಕೂ ಹ್ಯಾಂಡಲಿಗೆ ಹೋಗುತ್ತದೆ. ಮೊಣಕೈ ಸಡಿಲವಾಗಿದ್ದರೆ ಅಲ್ಲೇ ಇಂಗಿಹೋಗುತ್ತದೆ.

ಇನ್ನೊಂದು ಸಂಗತಿ ಹಳಬರಿಗೆ ಗೊತ್ತು, ಹೊಸಬರಿಗೆ ಯಾರೂ ಹೇಳುವುದಿಲ್ಲ. ಏರಿನಲ್ಲಿ ಸೀಟಿನಿಂದ ಎದ್ದು ನಿಂತು ತುಳಿಯಲು ಹೊರಟ ಕ್ಷಣದಲ್ಲಿ ಪೆಡಲ್ ಮೇಲಿನ ಒತ್ತಡ ಒಮ್ಮೆ ತಪ್ಪುತ್ತದೆ, ಮೈ ಮುಂದಕ್ಕೆ ಹೋಗುತ್ತದೆ, ಸೈಕಲ್ ಹಿಂದಕ್ಕೆ ಒದೆದಂತಾಗುತ್ತದೆ. ನಿಮಗೆ ಗೊತ್ತೇ ಆಗುವುದಿಲ್ಲ. ಆದರೆ ಹಿಂದೆ ಅಂಟಿಕೊಂಡು ಬರುತ್ತಿರುವವನ ಪಾಲಿಗೆ ನಿಮ್ಮ ಚಕ್ರ ದಿಢೀರನೆ ಅರ್ಧ ಅಡಿ ಹತ್ತಿರ ಬಂದಂತೆ. ಏಳುವ ಮುನ್ನ ಒಂದು ಗೇರು ಭಾರ ಮಾಡಿಕೊಳ್ಳಿ. ಒಂದು ಪಾದ ಮೇಲಿಂದ ಕೆಳಗಿಳಿಯುವಾಗ ಅದರ ಮೇಲೆ ಭಾರ ಹಾಕಿಯೇ ಏಳಿ, ತುಳಿತದಲ್ಲಿ ಬಿಡುವು ಬಾರದಿರಲಿ. ಕೇಪ್‌ಟೌನ್‌ನಲ್ಲಿ ಈ ವಿದ್ಯೆ ಬೇಕಾಗುವ ಜಾಗ ಸುಯಿಕರ್‌ಬೊಸಿ ಏರು. ತೊಂಬತ್ತರ ಆಸುಪಾಸಿನ ಕಿಲೋಮೀಟರಿನಲ್ಲಿ, ಹೌಟ್ ಬೇ ದಾಟಿದ ಮೇಲೆ ಅದು ಎದುರಾಗುತ್ತದೆ. ಬಿಸಿಲು ನೆತ್ತಿಗೇರಿರುತ್ತದೆ, ಕಾಲು ಸೋತಿರುತ್ತದೆ. ಒಬ್ಬ ಎದ್ದು ನಿಲ್ಲುತ್ತಾನೆ, ಇನ್ನೊಬ್ಬ ಅಡ್ಡಾದಿಡ್ಡಿ ತುಳಿಯುತ್ತಾನೆ, ಮತ್ತೊಬ್ಬ ಇಳಿದು ತಳ್ಳತೊಡಗುತ್ತಾನೆ. ತಳ್ಳುವುದರಲ್ಲಿ ಅವಮಾನವೇನಿಲ್ಲ. ಎಡಕ್ಕೆ ಸರಿದು ತಳ್ಳಿ, ಅಷ್ಟೆ. ಅಲ್ಲಿಯ ರಸ್ತೆ ನಿಯಮವೂ ನಮ್ಮದೇ: ಎಡಕ್ಕೆ ಸಾಗುವುದು, ಬಲದಿಂದ ದಾಟುವುದು. ಯುರೋಪಿಗೆ ಹೋದಾಗ ತಲೆಯಲ್ಲಿ ಎಲ್ಲ ತಿರುಗುಮುರುಗು ಮಾಡಿಕೊಳ್ಳಬೇಕಾದ ಕಷ್ಟ ನಮ್ಮವರಿಗೆ ಇಲ್ಲಿಲ್ಲ.

ದಾಟುವ ಮೊದಲು ಕೂಗಬೇಕು. ‘ಬಲಕ್ಕೆ!’ ‘ಗುಂಡಿ!’ ‘ನಿಲ್ಲಿಸ್ತಿದ್ದೀನಿ!’ ಯಾವ ಭಾಷೆಯಲ್ಲಾದರೂ ಸರಿ, ದನಿ ಗಟ್ಟಿಯಾಗಿರಲಿ. ನಮ್ಮವರಿಗೆ ಇದು ನಾಚಿಕೆಯ ವಿಷಯ. ಅಪರಿಚಿತರ ಬೆನ್ನ ಹಿಂದೆ ನಿಂತು ಕೂಗುವುದೆಂದರೆ ಮುಜುಗರ. ಅಭ್ಯಾಸದ ಸವಾರಿಗಳಲ್ಲೇ ಕೂಗಿ ಕೂಗಿ ಮುಜುಗರ ಕಳೆದುಕೊಳ್ಳಿ. ಕೂಗುವವರಿಗೆ ಬಾಯಿ ಬೇಕು, ಕೇಳುವವರಿಗೆ ಕಿವಿ ಬೇಕು. ಹಾಡು ಕೇಳುವ ಇಯರ್‌ಫೋನ್ ಮನೆಯಲ್ಲಿರಲಿ. ಕೈ ಸನ್ನೆ ಒಳ್ಳೆಯದೇ, ಆದರೆ ದಟ್ಟ ಗುಂಪಿನಲ್ಲಿ ಹ್ಯಾಂಡಲಿನಿಂದ ಕೈ ತೆಗೆದು ಗುಂಡಿ ತೋರಿಸಲು ಹೋಗಿ ತಾವೇ ಗುಂಡಿಗೆ ಬೀಳುವವರೂ ಇದ್ದಾರೆ.

ಗುಂಪಿನಲ್ಲಿ ಎಲ್ಲಿ ನಿಲ್ಲಬೇಕು ಎಂಬುದು ಸವಾರಿಗೆ ಮೊದಲೇ ತೀರ್ಮಾನವಾಗುವ ವಿಷಯ. ಮೂವತ್ತೈದು ಸಾವಿರ ಜನರನ್ನು ಒಟ್ಟಿಗೆ ಬಿಡಲಾಗದು. ವೇಗಕ್ಕೆ ತಕ್ಕಂತೆ ತಂಡ ಮಾಡಿ, ಒಂದಾದ ಮೇಲೊಂದು ಹೊರಡಿಸುತ್ತಾರೆ. ಹಿಂದಿನ ಸವಾರಿಗಳಲ್ಲಿ ತೆಗೆದುಕೊಂಡ ಸಮಯವೇ ಆಧಾರ. ಅಂಥ ದಾಖಲೆ ಇಲ್ಲದವರಿಗೆ ಹಿಂದಿನ ತಂಡಗಳಲ್ಲಿ ಜಾಗ. ಇದರಿಂದ ಬೇಸರಗೊಂಡು ಹೇಗಾದರೂ ಮುಂದಿನ ತಂಡಕ್ಕೆ ನುಸುಳುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ನನ್ನ ಮಟ್ಟಿಗೆ, ಹೆಲ್ಮೆಟ್ ಇಲ್ಲದೆ ಬರುವವನಿಗಿಂತ ಇವನೇ ಹೆಚ್ಚು ಅಪಾಯಕಾರಿ. ಹೆಲ್ಮೆಟ್ ಹಾಕದವನು ಒಡೆದುಕೊಳ್ಳುವುದು ತನ್ನ ತಲೆ. ಗಂಟೆಗೆ ಮೂವತ್ತೈದರಲ್ಲಿ ಹೋಗುವ ಗುಂಪಿನ ನಡುವೆ ಇಪ್ಪತ್ತೈದರವನು ಸಿಕ್ಕಿಕೊಂಡರೆ ಹಿಂದಿನಿಂದ ಬರುವ ಪ್ರತಿಯೊಬ್ಬನೂ ಅವನನ್ನು ಸುತ್ತಿ ಹೋಗಬೇಕು. ಸುತ್ತಿಹೋಗುವ ಪ್ರತಿ ಸಲವೂ ಯಾರದೋ ಚಕ್ರ ಇನ್ಯಾರದೋ ದಾರಿಗೆ ಅಡ್ಡ ಬರುತ್ತದೆ. ಅರ್ಜಿಯಲ್ಲಿ ನಿಜವಾದ ವೇಗವನ್ನೇ ಬರೆಯಿರಿ. ಪೂರ್ತಿ ಮುಗಿಸಲು ಏಳು ಗಂಟೆ ಕೊಡುತ್ತಾರೆ. ಸಾಧಾರಣ ತಯಾರಿಯವರಿಗೆ ಅದು ಧಾರಾಳ.

ಈಗ ಗಾಳಿಯ ಮಾತು. ಕೇಪ್‌ಟೌನ್‌ನಲ್ಲಿ ಬೇಸಿಗೆಯುದ್ದಕ್ಕೂ ಆಗ್ನೇಯದಿಂದ ಬೀಸುವ ಗಾಳಿಗೆ ಅಲ್ಲಿಯವರು ‘ಕೇಪ್ ಡಾಕ್ಟರ್’ ಎನ್ನುತ್ತಾರೆ, ಊರಿನ ಹೊಗೆ ಕೊಳೆಯನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆಂದು. ಸವಾರಿ ನಗರದಿಂದ ದಕ್ಷಿಣಕ್ಕೆ ಸಾಗಿ, ಮ್ಯೂಜನ್‌ಬರ್ಗ್, ಫಿಶ್ ಹುಕ್, ನೌಕಾನೆಲೆ ಇರುವ ಸೈಮನ್ಸ್ ಟೌನ್‌ಗಳನ್ನು ಹಾಯ್ದು, ಸ್ಮಿಟ್ಸ್‌ವಿಂಕಲ್‌ನ ಏರು ಹತ್ತಿ, ಪರ್ಯಾಯದ್ವೀಪದ ಆಚೆ ಬದಿಯಿಂದ ಅಟ್ಲಾಂಟಿಕ್ ಪಕ್ಕಕ್ಕೇ ಉತ್ತರಕ್ಕೆ ಮರಳುತ್ತದೆ. ಅಂದರೆ ಮೊದಲರ್ಧ ಎದುರುಗಾಳಿ, ಉಳಿದರ್ಧ ಬೆನ್ನಿಗೆ. ಎದುರುಗಾಳಿ ಸುಸ್ತು ಮಾಡುತ್ತದೆಯೇ ಹೊರತು ಬೀಳಿಸುವುದಿಲ್ಲ. ಬೀಳಿಸುವುದು ಅಡ್ಡಗಾಳಿ, ಬೆಟ್ಟದ ಮರೆಯಿಂದ ಬಯಲಿಗೆ ಬಂದ ಕ್ಷಣದಲ್ಲಿ ಪಕ್ಕಕ್ಕೆ ಹೊಡೆಯುವ ಒಂದೇ ಒಂದು ಬೀಸು. ಆಗ ಹ್ಯಾಂಡಲ್ ಹಿಂಡಿ ಹಿಡಿದರೆ ಕೆಡುತ್ತದೆ. ಹ್ಯಾಂಡಲಿನ ಕೆಳಗಿನ ಬಾಗು ಹಿಡಿಯಿರಿ, ಎದೆ ತಗ್ಗಿಸಿ, ಮೊಣಕೈ ಸಡಿಲವಿರಲಿ, ತುಳಿಯುತ್ತಲೇ ಇರಿ, ಪಕ್ಕದವನಿಂದ ಎಂದಿಗಿಂತ ಎರಡರಷ್ಟು ದೂರವಿರಿ. ಚಂದಕ್ಕೆಂದು ಕೊಂಡ ಎತ್ತರ ರಿಮ್ಮಿನ ಕಾರ್ಬನ್ ಚಕ್ರಗಳನ್ನು ಇಂಥ ಊರಿಗೆ ಒಯ್ಯಬೇಡಿ. ಅಂಗಡಿಯವರು ಅವು ಎಷ್ಟು ಸೆಕೆಂಡ್ ಉಳಿಸುತ್ತವೆಂದು ಹೇಳುತ್ತಾರೆ, ಅಡ್ಡಗಾಳಿಗೆ ಹೇಗೆ ಹಾಯಿಯಾಗುತ್ತವೆಂದು ಹೇಳುವುದಿಲ್ಲ. ಅಂದಹಾಗೆ, ಆ ದಕ್ಷಿಣದ ತುದಿಯಲ್ಲಿ ಬಬೂನ್ ಕೋತಿಗಳ ಕಾಟವೂ ಉಂಟು. ನಂದಿಬೆಟ್ಟದಲ್ಲಿ ಬಾಳೆಹಣ್ಣು ಕಳೆದುಕೊಂಡವರಿಗೆ ಹೆಚ್ಚು ಹೇಳಬೇಕಿಲ್ಲ.

ಚಾಪ್‌ಮನ್ಸ್ ಪೀಕ್ ರಸ್ತೆ ಈ ಸವಾರಿಯ ಕಣ್ಮಣಿ. 1922ರಲ್ಲಿ ಮುಗಿದ, ಬಂಡೆ ಕಡಿದು ಮಾಡಿದ ಒಂಬತ್ತು ಕಿಲೋಮೀಟರಿನ ದಾರಿ, 114 ತಿರುವು. ಬಲಕ್ಕೆ ಬೆಟ್ಟದ ಗೋಡೆ, ಎಡಕ್ಕೆ ಆಳದಲ್ಲಿ ಸಮುದ್ರ. ಹತ್ತುವಾಗ ಬೇಕಾದಷ್ಟು ನೋಡಿ. ಇಳಿಯುವಾಗ ನೋಡಬೇಕಾದ್ದು ತಿರುವಿನ ಆಚೆ ತುದಿಯನ್ನು ಮಾತ್ರ. ಕಣ್ಣು ಎಲ್ಲಿಗೋ ಸೈಕಲ್ ಅಲ್ಲಿಗೆ. ಪಕ್ಕದ ಮೋಟುಗೋಡೆಯನ್ನೇ ದಿಟ್ಟಿಸಿದರೆ ಅಲ್ಲಿಗೇ ಹೋಗುತ್ತೀರಿ. ತಿರುವಿಗೆ ಮೊದಲೇ ಎರಡೂ ಬ್ರೇಕ್ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬಿಟ್ಟುಬಿಡಿ. ಹೊರಬದಿಯ ಪೆಡಲ್ ಕೆಳಗಿರಲಿ, ಭಾರವೆಲ್ಲ ಆ ಪಾದದ ಮೇಲಿರಲಿ. ಒಬ್ಬರೇ ಇದ್ದಾಗ ತಿರುವನ್ನು ಅಗಲಕ್ಕೆ ತೆಗೆದುಕೊಂಡು ಒಳಕ್ಕೆ ಕತ್ತರಿಸಿ ಹೋಗುವುದು ಜಾಣತನ. ಗುಂಪಿನಲ್ಲಿ ಅದೇ ಅಪರಾಧ, ಏಕೆಂದರೆ ಒಳಬದಿಯಲ್ಲಿ ಇನ್ನೊಬ್ಬನಿದ್ದಾನೆ. ಯಾವ ಸಾಲಿನಲ್ಲಿ ತಿರುವಿಗೆ ಹೊಕ್ಕಿರೋ ಅದೇ ಸಾಲಿನಲ್ಲಿ ಹೊರಬನ್ನಿ. ನಂದಿಯಲ್ಲಿ ಹತ್ತುವುದನ್ನು ಲೆಕ್ಕ ಇಡುವವರು ಇಳಿಯುವುದನ್ನು ಅಭ್ಯಾಸವೆಂದು ಎಣಿಸುವುದೇ ಇಲ್ಲ. ವಾರದ ನಡುವಿನ ದಿನ, ವಾಹನ ಕಡಿಮೆ ಇರುವಾಗ, ಬರೀ ಇಳಿಜಾರಿಗೆಂದೇ ಹೋಗಿಬನ್ನಿ.

ರಸ್ತೆ ನಡುವೆ ಹುಗಿದ ಹೊಳೆಯುವ ಉಬ್ಬುಗಳಿರುತ್ತವಲ್ಲ, ಕ್ಯಾಟ್ಸ್ ಐ, ಅವು ಅಲ್ಲೂ ಇವೆ, ಇಲ್ಲೂ ಇವೆ. ಗುಂಪಿನಲ್ಲಿ ರಸ್ತೆ ಕಾಣುವುದಿಲ್ಲ, ಮುಂದಿನವನ ಬೆನ್ನು ಮಾತ್ರ ಕಾಣುತ್ತದೆ. ಆದ್ದರಿಂದ ಅವನ ಚಕ್ರವನ್ನೇ ನೆಟ್ಟ ನೋಟದಿಂದ ನೋಡಬೇಡಿ. ಅವನ ಭುಜದ ಮೇಲಿಂದ ಇನ್ನೂ ನಾಲ್ಕಾರು ಜನ ಮುಂದಕ್ಕೆ ಕಣ್ಣು ಹಾಯಿಸಿ. ಯಾರದೋ ನೀರಿನ ಬಾಟಲಿ ಉರುಳಿ ಬಂದರೆ ನೇರ ಹಾಯಿಸಿಬಿಡಿ. ಬಾಟಲಿ ಹತ್ತಿ ಬಿದ್ದವರಿಗಿಂತ ಬಾಟಲಿ ತಪ್ಪಿಸಲು ಹೋಗಿ ಹತ್ತು ಜನರನ್ನು ಬೀಳಿಸಿದವರೇ ಹೆಚ್ಚು.

ನೀರು, ಕೋಲಾ, ಹಣ್ಣು ಕೊಡುವ ಮೇಜುಗಳ ಬಳಿ ನಡೆಯುವ ಅನಾಹುತ ನೋಡಿದರೆ ನಗು ಬರಬೇಕು, ಆದರೆ ಮೊಣಕಾಲು ಒಡೆದವರನ್ನು ನೋಡಿ ನಗಲಾಗದು. ಬಾಯಾರಿದವನಿಗೆ ಮೊದಲ ಮೇಜು ಕಂಡದ್ದೇ ತಡ, ಬಲಬದಿಯಿಂದ ಎಡಕ್ಕೆ ಸೀಳಿಕೊಂಡು ನುಗ್ಗುತ್ತಾನೆ. ನೆಲವೆಲ್ಲ ಒದ್ದೆ, ಲೋಟ, ಸಿಪ್ಪೆ. ದೂರದಿಂದಲೇ ಎಡಕ್ಕೆ ಬನ್ನಿ, ಜನ ಮುತ್ತಿರುವ ಮೊದಲ ಮೇಜು ಬಿಟ್ಟು ಕೊನೆಯದಕ್ಕೆ ಹೋಗಿ, ರಸ್ತೆ ಬಿಟ್ಟು ಇಳಿದು ಕುಡಿಯಿರಿ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಹೆಚ್ಚಿನವರಿಗೆ ಸಾಕು. ಹೆದರಿಕೆಗೆ ಕೊಡಗಟ್ಟಲೆ ಕುಡಿದರೆ ರಕ್ತದಲ್ಲಿನ ಸೋಡಿಯಂ ತೆಳುವಾಗಿ, ತಲೆಸುತ್ತು ವಾಂತಿಯಿಂದ ಹಿಡಿದು ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ತಿನ್ನುವುದು ಗಂಟೆಗೆ ಮೂವತ್ತರಿಂದ ಅರವತ್ತು ಗ್ರಾಂ ಪಿಷ್ಟ, ಸಕ್ಕರೆಯಷ್ಟಿರಲಿ: ಒಂದು ಬಾಳೆಹಣ್ಣು, ಒಂದು ತುಂಡು ಚಿಕ್ಕಿ ಸೇರಿದರೆ ಹೆಚ್ಚುಕಡಿಮೆ ಆಯಿತು. ಹಿಂದಿನ ದಿನ ಮಳಿಗೆಯಲ್ಲಿ ಪುಕ್ಕಟೆ ಕೊಟ್ಟ ಜೆಲ್ಲನ್ನು ಸವಾರಿಯ ದಿನವೇ ಹೊಟ್ಟೆಗೆ ಪರಿಚಯಿಸಬೇಡಿ.

ನಲವತ್ತು ದಾಟಿದವರಿಗೆ ಒಂದು ಮಾತು ಬೇರೆಯೇ ಹೇಳಬೇಕು. ದಕ್ಷಿಣ ಆಫ್ರಿಕಾದ ಕ್ರೀಡಾ ವೈದ್ಯ ಮಾರ್ಟಿನ್ ಶ್ವೆಲ್ನಸ್ ಮತ್ತು ಸಂಗಡಿಗರು ಕೇಪ್‌ಟೌನ್‌ನ ಇದೇ ಸೈಕಲ್ ಸವಾರಿಯನ್ನೂ ಅಲ್ಲಿಯ ಟೂ ಓಷನ್ಸ್ ಓಟವನ್ನೂ ಹಿಡಿದು ‘ಸೇಫರ್’ ಹೆಸರಿನ ಅಧ್ಯಯನಗಳನ್ನು ವರ್ಷಗಟ್ಟಲೆ ನಡೆಸಿದ್ದಾರೆ. ಓಟದ ನೋಂದಣಿ ಹೊತ್ತಿನಲ್ಲೇ ಹೃದಯ, ರಕ್ತದೊತ್ತಡ, ಸಕ್ಕರೆ, ನುಂಗುವ ಮಾತ್ರೆಗಳ ಬಗ್ಗೆ ಪ್ರಶ್ನೆ ಕೇಳಿ, ಅಪಾಯವಿರುವವರಿಗೆ ವೈದ್ಯರನ್ನು ಕಾಣಲು ಹೇಳತೊಡಗಿದ ಮೇಲೆ ಜೀವಕ್ಕೆ ಎರವಾಗುವಂಥ ತುರ್ತು ಪ್ರಕರಣಗಳು ಗಣನೀಯವಾಗಿ ಇಳಿದವು. ಬರೀ ಪ್ರಶ್ನೆ ಕೇಳಿದ್ದಕ್ಕೆ! ನಮ್ಮಲ್ಲಿ ಆ ಕಾಲಮ್ಮುಗಳಿಗೆ ‘ಇಲ್ಲ, ಇಲ್ಲ, ಇಲ್ಲ’ ಎಂದು ಗೀಚಿ ಮುಂದೆ ಹೋಗುವುದು ರೂಢಿ. ಜ್ವರ, ಕೆಮ್ಮು, ಮೈಕೈ ನೋವಿದ್ದರೆ ಹಣ ಕಟ್ಟಿದ್ದೇನೆಂಬ ಕಾರಣಕ್ಕೆ ಹೊರಡಬೇಡಿ. ವೈರಸ್ ಹೃದಯದ ಸ್ನಾಯುವಿಗೂ ಇಳಿಯಬಲ್ಲದು. ನಂಬರ್ ಚೀಟಿಯ ಹಿಂಬದಿಯಲ್ಲಿ ಮನೆಯವರ ಫೋನ್ ನಂಬರ್, ರಕ್ತದ ಗುಂಪು, ಅಲರ್ಜಿ ಬರೆಯಿರಿ. ಅದನ್ನು ಮರೆಯದೆ ಬರೆಯುವವರು ಹೆಚ್ಚಾಗಿ ಒಮ್ಮೆ ಬಿದ್ದವರು.

ಸೈಕಲ್ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ, ಅದನ್ನು ನಿಮ್ಮ ಮೆಕ್ಯಾನಿಕ್ ನನಗಿಂತ ಚೆನ್ನಾಗಿ ನೋಡುತ್ತಾರೆ. ಹತ್ತು ದಿನ ಮೊದಲೇ ಕೊಡಿ, ಹಿಂದಿನ ದಿನವಲ್ಲ. ಹೊಸ ಚೈನು, ಹೊಸ ಬ್ರೇಕ್ ಪ್ಯಾಡ್ ಹಾಕಿಸಿದ ಮೇಲೆ ನೂರಾರು ಕಿಲೋಮೀಟರ್ ಓಡಿಸಿ ನೋಡಬೇಕು. ವಿಮಾನದಲ್ಲಿ ಒಯ್ಯುವವರು ಪೆಡಲ್ ಬಿಚ್ಚುವಾಗ ನೆನಪಿಡಿ, ಎಡಗಡೆ ಪೆಡಲಿನ ಮರೆ ಉಲ್ಟಾ. ತಲುಪಿ ಜೋಡಿಸಿದ ಮೇಲೆ ಮುಂದಿನ ಚಕ್ರ ಕಾಲುಗಳ ನಡುವೆ ಸಿಕ್ಕಿಸಿ ಹ್ಯಾಂಡಲ್ ತಿರುಗಿಸಿ ನೋಡಿ. ಅಲುಗಿದರೆ ಬೋಲ್ಟ್ ಸಡಿಲವಿದೆ. ಎಷ್ಟು ಬಿಗಿಸಬೇಕೆಂಬುದು ಆ ಭಾಗದ ಮೇಲೆಯೇ ನ್ಯೂಟನ್ ಮೀಟರ್ ಲೆಕ್ಕದಲ್ಲಿ ಅಚ್ಚಾಗಿರುತ್ತದೆ. ಕಾರ್ಬನ್‌ಗೆ ತೋಳ್ಬಲ ತೋರಿಸಬೇಡಿ. ಪೆಟ್ಟಿಗೆಯೊಳಗೆ ಹಿಂದಿನ ಗೇರಿನ ಕೊಕ್ಕೆ ಬಾಗಿದ್ದರೆ ಏರಿನಲ್ಲಿ ಗೇರು ಬದಲಿಸಿದಾಗ ಚೈನು ಕಡ್ಡಿಗಳೊಳಗೆ ಹೋಗಿಬಿಡುತ್ತದೆ, ಅದನ್ನೂ ನೋಡಿಸಿ. ಬಾಡಿಗೆ ಸೈಕಲ್ ತೆಗೆದುಕೊಂಡರೆ ಯಾವ ಕೈಗೆ ಯಾವ ಬ್ರೇಕ್ ಎಂದು ಮೊದಲು ನೋಡಿ. ನಮ್ಮಲ್ಲಿ ಮುಂದಿನ ಬ್ರೇಕ್ ಸಾಮಾನ್ಯವಾಗಿ ಬಲಗೈಗೆ. ಅಮೆರಿಕದಲ್ಲಿ, ಯುರೋಪಿನ ಬಹುತೇಕ ಕಡೆ ಎಡಗೈಗೆ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ನೆತ್ತಿಯ ಹಿಂದಕ್ಕಲ್ಲ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಬಿಸಾಡಿ.

ಪಂಕ್ಚರ್ ಆದರೆ? ಕೂಗಿ, ಕೈ ಎತ್ತಿ, ಬ್ರೇಕ್ ಒತ್ತದೆ ಮೆಲ್ಲಗೆ ಎಡಕ್ಕೆ ಸರಿದು, ರಸ್ತೆಯಿಂದ ಪೂರ್ತಿ ಹೊರಗೆ ಹೋಗಿ ನಿಲ್ಲಿ. ಬಿದ್ದರೆ, ಏಳಲು ಆಗುವಂತಿದ್ದರೆ, ಮೊದಲು ನೀವು ಹೊರಗೆ ಬನ್ನಿ, ಸೈಕಲ್ ಆಮೇಲೆ. ಬಿದ್ದವನ ಸುತ್ತ ಗುಂಪುಗಟ್ಟುವುದು ನಮ್ಮ ಹಳೇ ಚಾಳಿ. ಒಬ್ಬರು ಅವನ ಬಳಿ ಕೂರಿ, ಇನ್ನೊಬ್ಬರು ಐವತ್ತು ಹೆಜ್ಜೆ ಹಿಂದಕ್ಕೆ ಹೋಗಿ ಬರುವವರನ್ನು ಎಚ್ಚರಿಸಿ, ಉಳಿದವರು ಮುಂದೆ ಹೋಗಿ ಮೊದಲು ಸಿಕ್ಕ ಮಾರ್ಷಲ್‌ಗೆ ತಿಳಿಸಿ.

ಇಷ್ಟರಲ್ಲಿ ಯಾವುದಾದರೂ ದೊಡ್ಡ ಸವಾರಿಗೆ ಹೆಸರು ಕೊಡಬೇಕೆಂದಿರುವವರಲ್ಲಿ ಒಂದು ಕೋರಿಕೆ. ಶುಲ್ಕ ಕಟ್ಟುವ ಮುನ್ನ ನಿಮ್ಮೂರಿನ ಯಾವುದಾದರೂ ಸೈಕಲ್ ಗುಂಪಿನ ಜೊತೆ, ಕನಿಷ್ಠ ಎಂಟು ಹತ್ತು ಜನರ ನಡುವೆ, ಎರಡು ಮೂರು ತಿಂಗಳು ಭಾನುವಾರದ ಸವಾರಿಗೆ ಹೋಗಿ. ಹಿಂದೆ ಬರುವವರು ನಿಮ್ಮಿಂದ ದೂರ ಉಳಿಯುತ್ತಿದ್ದಾರೋ, ನಿಶ್ಚಿಂತೆಯಿಂದ ನಿಮ್ಮ ಚಕ್ರದ ಹಿಂದೆ ಬರುತ್ತಿದ್ದಾರೋ ನೋಡಿ. ದೂರ ಉಳಿಯುತ್ತಿದ್ದರೆ ಇನ್ನೊಂದು ವರ್ಷ ಕಾಯಿರಿ.